ಮೈಸೂರಿನಿಂದ ಬೆಟ್ಟದ ದಾರಿಗಳು: ಸೈಕಲ್ ಪ್ರವಾಸಿಗರಿಗೊಂದು ಮಾರ್ಗದರ್ಶಿ

ಮೈಸೂರು ನಗರವು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದ ಪ್ರಸ್ಥಭೂಮಿಯ ಮೇಲಿದೆ. ಇಲ್ಲಿಂದ ಪಶ್ಚಿಮಕ್ಕೆ ಕೊಡಗು, ನೈಋತ್ಯಕ್ಕೆ ವಯನಾಡು, ದಕ್ಷಿಣಕ್ಕೆ ನೀಲಗಿರಿ, ಆಗ್ನೇಯಕ್ಕೆ ಬಿಳಿಗಿರಿರಂಗನ ಬೆಟ್ಟ, ಅದರಾಚೆಗೆ ಮಲೆ ಮಹದೇಶ್ವರ ಬೆಟ್ಟ. ಹೆಚ್ಚೆಂದರೆ ನೂರೈವತ್ತು, ನೂರರವತ್ತು ಕಿಲೋಮೀಟರ್ ಪಯಣದೊಳಗೆ ಇಷ್ಟು ಬಗೆಯ ಬೆಟ್ಟಸಾಲುಗಳು ದೊರೆಯುವ ಮತ್ತೊಂದು ದೊಡ್ಡ ನಗರ ದಕ್ಷಿಣ ಭಾರತದಲ್ಲಿ ಸುಲಭಕ್ಕೆ ಸಿಗದು. ಸೈಕಲ್ಲಿನಲ್ಲಿ ದೂರ ಹೋಗುವ ಹವ್ಯಾಸಿಗಳು ಬೆಂಗಳೂರು, ಚೆನ್ನೈ, ಪುಣೆಗಳಿಂದಲೂ ಮೈಸೂರಿಗೆ ಬಂದು ಇಲ್ಲಿಂದಲೇ ಪೆಡಲು ತುಳಿಯಲಾರಂಭಿಸುವುದು ಇದೇ ಕಾರಣಕ್ಕೆ.

ಆದರೆ ಈ ದಾರಿಗಳಿಗೆ ಹಿಮಾಲಯದ ದಾರಿಗಳಿಗಿಲ್ಲದ ಒಂದು ವಿಶೇಷವಿದೆ. ಮನಾಲಿಯಿಂದ ಲೇಹ್‌ಗೆ ಹೊರಟವನ ಚಿಂತೆ ಎತ್ತರ ಮತ್ತು ಉಸಿರಿನದು. ಮೈಸೂರಿನಿಂದ ಊಟಿಗೆ ಹೊರಟವನ ಚಿಂತೆ ಆನೆ ಮತ್ತು ಗಡಿಯಾರದ್ದು. ಘಾಟಿ ಎಷ್ಟು ಕಡಿದು ಎಂಬುದಕ್ಕಿಂತ ಹೆಚ್ಚಾಗಿ, ಅದರ ಬುಡ ಮುಟ್ಟಲು ಯಾವ ಕಾಡನ್ನು ಎಷ್ಟು ಹೊತ್ತಿಗೆ ದಾಟಬೇಕು ಎಂಬುದೇ ಇಲ್ಲಿ ಪಯಣವನ್ನು ನಿರ್ಧರಿಸುತ್ತದೆ. ಇದನ್ನು ಮರೆತು ಭೂಪಟದ ಮೇಲೆ ಗೆರೆ ಎಳೆದವರು ಅರಣ್ಯದ ಗೇಟಿನಿಂದ ವಾಪಸಾದ ಪ್ರಸಂಗಗಳು ಸಾಕಷ್ಟಿವೆ.

ಮನೆಬಾಗಿಲ ಏರು

ಅಭ್ಯಾಸಕ್ಕೆ ಚಾಮುಂಡಿ ಬೆಟ್ಟವೇ ಮೊದಲ ಪಾಠಶಾಲೆ. ಬೆಟ್ಟದ ನೆತ್ತಿ ಸುಮಾರು 1,060 ಮೀಟರ್ ಎತ್ತರದಲ್ಲಿದೆ. ಅಂದರೆ ನಗರದಿಂದ ಮೇಲಕ್ಕೆ ಹೆಚ್ಚೂಕಡಿಮೆ 300 ಮೀಟರ್ ಏರಿಕೆ. ತಾವರೆಕಟ್ಟೆಯ ಕಡೆಯಿಂದ ಹತ್ತಿ, ನೆತ್ತಿ ಮುಟ್ಟಿ, ಉತ್ತನಹಳ್ಳಿಯ ಕಡೆಗೆ ಇಳಿದು ಮರಳಿ ನಗರ ಸೇರಿದರೆ ಬೆಳಗಿನ ತಿಂಡಿಯ ಹೊತ್ತಿಗೆ ಮನೆಯಲ್ಲಿರಬಹುದು. ಒಮ್ಮೆ ಹತ್ತಿ ಸಾಕೆನಿಸದವರು ಎರಡು, ಮೂರು ಬಾರಿ ಏರಿಳಿಯುವುದೂ ಉಂಟು. ನೀಲಗಿರಿಯ ಘಾಟಿಗೆ ಸಜ್ಜಾಗುವವರಿಗೆ ಇದಕ್ಕಿಂತ ಅಗ್ಗದ ತಾಲೀಮು ಇಲ್ಲ. ಚಾಮುಂಡಿಯನ್ನು ಒಂದೇ ಬೆಳಗ್ಗೆ ನಾಲ್ಕು ಬಾರಿ ಹತ್ತಿದರೆ ಕಲ್ಲಟ್ಟಿಯ ಏರಿಕೆಗೆ ಸರಿಸುಮಾರು ಸಮನಾಗುತ್ತದೆ ಎಂಬುದು ಲೆಕ್ಕಕ್ಕೆ ಸಿಗುವ ಮಾತು.

ಇಲ್ಲಿಯೂ ಎರಡು ಎಚ್ಚರಿಕೆ. ಆಷಾಢ ಶುಕ್ರವಾರಗಳಂದು ಬೆಟ್ಟಕ್ಕೆ ಖಾಸಗಿ ವಾಹನಗಳ ಪ್ರವೇಶವನ್ನು ನಿರ್ಬಂಧಿಸಲಾಗುತ್ತದೆ; ಅಂದು ಬೆಟ್ಟ ಭಕ್ತರದು, ಸೈಕಲ್ಲಿನವರು ಬೇರೆ ದಿನ ನೋಡಿಕೊಳ್ಳಬೇಕು. ಎರಡನೆಯದು ನಂದಿ ವಿಗ್ರಹಕ್ಕೆ ಹೋಗುವ ರಸ್ತೆ. 2021ರ ಅಕ್ಟೋಬರ್ ಮಳೆಯಲ್ಲಿ ಆ ರಸ್ತೆಯ ಅಂಚು ಕುಸಿದು ಸಂಚಾರ ನಿಂತಿತು. ಮೈಸೂರಿನಂಥ ಊರಿನ ಒಂಟಿ ಬೆಟ್ಟವೂ ಜೋರು ಮಳೆಗೆ ಹೀಗೆ ಜಾರಬಲ್ಲುದು ಎಂದರೆ ಕೊಡಗಿನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು.

2017ರ ಜೂನ್‌ನಲ್ಲಿ ನಗರದಲ್ಲಿ ಆರಂಭವಾದ ‘ಟ್ರಿಣ್ ಟ್ರಿಣ್’ ಸಾರ್ವಜನಿಕ ಸೈಕಲ್ ಯೋಜನೆಯು ದೇಶದಲ್ಲೇ ಮೊದಲ ಸಾಲಿನದು. ಹೊರಗಿನಿಂದ ಬಂದವರು ಕೆಲವೊಮ್ಮೆ ಆ ಸೈಕಲ್ಲನ್ನೇ ಬೆಟ್ಟಕ್ಕೂ ಒಯ್ಯಬಹುದೆಂದು ಭಾವಿಸುತ್ತಾರೆ. ಅವು ಬಸ್ ನಿಲ್ದಾಣದಿಂದ ಅರಮನೆಗೆ, ಅರಮನೆಯಿಂದ ಮೃಗಾಲಯಕ್ಕೆ ಹೋಗಲು ಮಾಡಿದ ಭಾರದ ಗಾಡಿಗಳು. ಘಾಟಿಗೆ ಅವು ಸಲ್ಲವು.

ಒಂದು ದಿನದ ಪಯಣ: ಮೇಲುಕೋಟೆ

ಕಾಡಿನ ಗೊಡವೆ ಬೇಡ, ಆದರೆ ಏರುತಗ್ಗಿನ ಹಳ್ಳಿದಾರಿ ಬೇಕು ಎನ್ನುವವರಿಗೆ ಮೇಲುಕೋಟೆಯೇ ಸರಿ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ ಮಾರ್ಗವಾಗಿ ಹೋದರೆ ಒಂದು ದಿಕ್ಕಿಗೆ ಐವತ್ತು ಕಿಲೋಮೀಟರಿನಷ್ಟಾಗುತ್ತದೆ. ವಿಶ್ವೇಶ್ವರಯ್ಯ ನಾಲೆಯ ನೀರುಂಡ ಗದ್ದೆ, ಕಬ್ಬಿನ ತೋಟಗಳ ನಡುವೆ ಮೊದಲರ್ಧ ಕಳೆಯುತ್ತದೆ. ಪಾಂಡವಪುರದ ಬಳಿ ಕುಂತಿ ಬೆಟ್ಟದ ಬಂಡೆಗಳು ಎದ್ದು ನಿಂತಿವೆ. ಸ್ವಲ್ಪ ಒಳಕ್ಕೆ ತಿರುಗಿದರೆ ರಾಮಾನುಜಾಚಾರ್ಯರ ಹೆಸರಿನೊಂದಿಗೆ ಬೆರೆತ ತೊಣ್ಣೂರು ಕೆರೆ. ಕೊನೆಯ ಕೆಲವೇ ಕಿಲೋಮೀಟರುಗಳು ನಿಜವಾದ ಏರು. ಹತ್ತಿ ಮುಗಿದ ಮೇಲೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತು ಬೆವರು ಆರಿಸಿಕೊಳ್ಳಬಹುದು, ಪುಳಿಯೋಗರೆಗೂ ಇಲ್ಲಿ ಕೊರತೆಯಿಲ್ಲ. ವೈರಮುಡಿ ಉತ್ಸವದ ದಿನಗಳಲ್ಲಿ ಮಾತ್ರ ಈ ರಸ್ತೆಯಲ್ಲಿ ಸೈಕಲ್ಲಿಗೆ ಜಾಗವಿರುವುದಿಲ್ಲ.

ಊಟಿ ದಾರಿ, ಕಾಡಿನ ಬಾಗಿಲು

ಮೈಸೂರಿನ ಸೈಕಲ್ ಪ್ರವಾಸಿಗನ ಮನಸ್ಸಿನಲ್ಲಿ ಸದಾ ಇರುವ ಊರು ಊಟಿ. ಮೈಸೂರು ಅರಸರು ಬೇಸಿಗೆ ಕಳೆಯಲು ಫರ್ನ್‌ಹಿಲ್ ಅರಮನೆಗೆ ಹೋಗುತ್ತಿದ್ದ ದಾರಿಯೂ ಇದೇ ದಿಕ್ಕಿನದು. ನಂಜನಗೂಡು, ಬೇಗೂರು ದಾಟಿ ಗುಂಡ್ಲುಪೇಟೆಗೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಬಂಡೀಪುರಕ್ಕೆ ಇಪ್ಪತ್ತರ ಆಸುಪಾಸು. ರಸ್ತೆ ಅಗಲವಾಗಿದೆ, ಏರಿಳಿತ ಮೃದು. ಜೂನ್, ಜುಲೈ ಹೊತ್ತಿಗೆ ಗುಂಡ್ಲುಪೇಟೆಯ ಸುತ್ತ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು ಅರಳಿ ನಿಲ್ಲುತ್ತವೆ. ಆಗ ಫೋಟೊ ತೆಗೆಯಲು ಕಾರುಗಳು ರಸ್ತೆಯಂಚಿನಲ್ಲಿ ಎಲ್ಲೆಂದರಲ್ಲಿ ನಿಲ್ಲುವುದರಿಂದ ಸೈಕಲ್ಲಿನವರು ಅವುಗಳ ಬಾಗಿಲಿನ ಮೇಲೆ ಒಂದು ಕಣ್ಣಿಟ್ಟಿರಬೇಕು.

ಹಂಗಳದಿಂದ ಬಲಕ್ಕೆ ತಿರುಗುವ ದಾರಿ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುತ್ತದೆ. 1,454 ಮೀಟರ್ ಎತ್ತರದ, ಮಂಜು ಮುಸುಕಿದ ಆ ಬೆಟ್ಟವನ್ನು ತುಳಿದು ಹತ್ತಬೇಕೆಂಬ ಆಸೆ ಯಾರಿಗಾದರೂ ಹುಟ್ಟುವಂಥದ್ದೇ. ಆದರೆ ಖಾಸಗಿ ವಾಹನಗಳನ್ನು ಬುಡದಲ್ಲೇ ನಿಲ್ಲಿಸಲಾಗುತ್ತದೆ. ಮೇಲಕ್ಕೆ ಸಾರಿಗೆ ಸಂಸ್ಥೆಯ ಬಸ್ಸಿನಲ್ಲೇ ಹೋಗಬೇಕು. ಸೈಕಲ್ಲಿಗೂ ಇದರಿಂದ ವಿನಾಯಿತಿ ಇಲ್ಲ.

ಬಂಡೀಪುರದಿಂದ ಮುಂದಿನದು ಬೇರೆಯೇ ಲೋಕ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಈ ಅರಣ್ಯದ ನಡುವೆ ಹಾದುಹೋಗುವ ಎರಡು ರಾಷ್ಟ್ರೀಯ ಹೆದ್ದಾರಿಗಳಲ್ಲಿ, ಅಂದರೆ ಊಟಿ ಕಡೆಯ 181 ಹಾಗೂ ಸುಲ್ತಾನ್ ಬತ್ತೇರಿ ಕಡೆಯ 766ರಲ್ಲಿ, ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ನಿಷೇಧವಿದೆ. ಕಾಡುಪ್ರಾಣಿಗಳು ವಾಹನಕ್ಕೆ ಸಿಕ್ಕಿ ಸಾಯುವುದನ್ನು ತಡೆಯಲು 2009ರಲ್ಲಿ ಬಂದ ಈ ನಿಷೇಧವನ್ನು 2010ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೇರಳದ ಒತ್ತಡದ ನಡುವೆಯೂ ಅದು ಉಳಿದುಬಂದಿದೆ. ಗಂಟೆಗೆ ಅರವತ್ತರಲ್ಲಿ ಹೋಗುವ ಕಾರಿಗೆ ರಾತ್ರಿ ಒಂಬತ್ತು ಎಂಬುದು ಗಡುವಾದರೆ, ಹದಿನೈದರಲ್ಲಿ ಸಾಗುವ ಸೈಕಲ್ಲಿಗೆ ಸಂಜೆ ನಾಲ್ಕೇ ಗಡುವು. ಕತ್ತಲು ಕವಿಯುವ ಹೊತ್ತಿಗೆ ಆನೆಗಳು ರಸ್ತೆಗೆ ಬರುತ್ತವೆ.

ಹಗಲಿನಲ್ಲಾದರೂ ಸೈಕಲ್ ತುಳಿದೇ ಕಾಡು ದಾಟಬಹುದೆಂಬ ಭರವಸೆ ಇಲ್ಲ. ಗೇಟಿನ ಸಿಬ್ಬಂದಿ ಸೈಕಲ್ಲುಗಳನ್ನು ತಡೆದು, ಹಿಂದೆ ಬರುವ ಟೆಂಪೊ ಅಥವಾ ಜೀಪಿಗೆ ಏರಿಸಿಕೊಂಡು ಹೋಗಿ ಎನ್ನುವುದುಂಟು. ಇದಕ್ಕೆ ಸಿಡುಕುವ ಸವಾರರಿದ್ದಾರೆ. ಸಿಬ್ಬಂದಿಯ ಮಾತೇ ಸರಿ ಎನ್ನಬೇಕಾಗುತ್ತದೆ. ಸದ್ದಿಲ್ಲದೆ ಬರುವ ಸೈಕಲ್ಲು ತಿರುವಿನಾಚೆ ನಿಂತ ಆನೆಯನ್ನು ಬೆಚ್ಚಿಬೀಳಿಸುತ್ತದೆ. ಕಾರಿನವನಿಗೆ ಗಾಜಿದೆ, ತಗಡಿದೆ, ಹಿಂದಕ್ಕೆ ಸರಿಯುವ ಗೇರಿದೆ. ಸೈಕಲ್ಲಿನವನಿಗೆ ಯಾವುದೂ ಇಲ್ಲ. 2025ರಲ್ಲಿ ಸರಗೂರು ಭಾಗದ ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾಗಿ, ಬಂಡೀಪುರ ಹಾಗೂ ನಾಗರಹೊಳೆಯ ಸಫಾರಿಯನ್ನೇ ನಿಲ್ಲಿಸಬೇಕಾಗಿ ಬಂದದ್ದನ್ನು ನೆನೆದರೆ ಈ ಬಿಗಿ ಅತಿಯೆನಿಸದು.

ತುಳಿಯಲು ಬಿಟ್ಟರೂ ಕೆಲವು ನಿಯಮಗಳನ್ನು ಮೀರುವಂತಿಲ್ಲ. ಒಬ್ಬರೇ ಹೋಗಬಾರದು. ನಿಲ್ಲಬಾರದು, ತಿನ್ನಬಾರದು, ಬಾಳೆಹಣ್ಣಿನ ಚೀಲವನ್ನು ಹೊರಗೆ ನೇತುಹಾಕಬಾರದು. ದೂರದಲ್ಲಿ ಆನೆ ಕಂಡರೆ ಅಲ್ಲೇ ನಿಂತು, ಬಸ್ಸೋ ಲಾರಿಯೋ ಬರುವವರೆಗೆ ಕಾದು, ಅದರ ಮರೆಯಲ್ಲಿ ದಾಟಬೇಕು. ಹಿಂಡಿಗಿಂತ ಒಂಟಿ ಸಲಗ ಅಪಾಯಕಾರಿ.

ಕಲ್ಲಟ್ಟಿಯೋ ಗೂಡಲೂರೋ?

ತಮಿಳುನಾಡಿನ ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಎಡಕ್ಕೆ ಮಸಿನಗುಡಿ, ಬಲಕ್ಕೆ ಗೂಡಲೂರು. ಎರಡೂ ಊಟಿಗೇ ಹೋಗುತ್ತವೆ. ಸ್ವಭಾವ ಮಾತ್ರ ತದ್ವಿರುದ್ಧ.

ಮಸಿನಗುಡಿಯ ದಾರಿಯಲ್ಲಿ ಮೈಸೂರಿನಿಂದ ಊಟಿಗೆ ಸುಮಾರು 125 ಕಿಲೋಮೀಟರ್. ಹತ್ತಿರದ ದಾರಿ ಎಂದು ಹಿಗ್ಗುವಂತಿಲ್ಲ. ಇಲ್ಲಿಯೇ ಇರುವುದು 36 ಹೇರ್‌ಪಿನ್ ತಿರುವುಗಳ ಕಲ್ಲಟ್ಟಿ ಘಾಟಿ. ಸುಮಾರು 950 ಮೀಟರ್ ಎತ್ತರದ ಮಸಿನಗುಡಿಯಿಂದ 2,240 ಮೀಟರಿನ ಊಟಿಗೆ ಏರಬೇಕಾದ ಎತ್ತರದ ಬಹುಪಾಲನ್ನು ಈ ಘಾಟಿ ಹನ್ನೆರಡು, ಹದಿಮೂರು ಕಿಲೋಮೀಟರಿನಲ್ಲೇ ಮುಗಿಸಿಬಿಡುತ್ತದೆ. ಫ್ರಾನ್ಸಿನ ಟೂರ್ ಡಿ ಫ್ರಾನ್ಸ್ ಸ್ಪರ್ಧೆಯಿಂದ ಹೆಸರಾದ ಆಲ್ಪ್ ದ್ಯುಯೆಜ್ ಏರಿಗೆ 21 ತಿರುವುಗಳು, ಹದಿನಾಲ್ಕು ಕಿಲೋಮೀಟರಿಗೆ ತುಸು ಕಡಿಮೆ ಉದ್ದ. ಆ ಏರನ್ನು ಟಿ.ವಿ.ಯಲ್ಲಿ ಕಂಡು ಬೆರಗಾದವರು ಅದರ ಸರೀಕನನ್ನು ಮೈಸೂರಿನಿಂದ ಒಂದು ದಿನದ ದಾರಿಯಲ್ಲೇ ನೋಡಬಹುದು. ಇಲ್ಲಿ ಇಳಿದು ನೂಕುವುದು ನಾಚಿಕೆಯ ಸಂಗತಿಯಲ್ಲ, ಬಲ್ಲವರೂ ನೂಕಿದ್ದಾರೆ. ತಲೈಕುಂದಾ ತಲುಪಿದ ಮೇಲೆ ಉಳಿದದ್ದು ಸಲೀಸು.

ಗೂಡಲೂರಿನ ದಾರಿ 160 ಕಿಲೋಮೀಟರಿನಷ್ಟು. ಗೂಡಲೂರಿನಿಂದ ನಡುವಟ್ಟಂ, ಪೈಕಾರ ಮಾರ್ಗವಾಗಿ ಊಟಿಗೆ 50 ಕಿಲೋಮೀಟರ್. ಏರಬೇಕಾದ ಎತ್ತರ ಹೆಚ್ಚು ಬೇರೆಯಿಲ್ಲ. ಅದು ಇಷ್ಟುದ್ದಕ್ಕೆ ಹರಡಿಕೊಂಡಿರುವುದರಿಂದ ಕಾಲಿಗೆ ದಯೆ ತೋರುತ್ತದೆ. ಚಹಾ ತೋಟ, ನೀಲಗಿರಿ ಮರಗಳ ತೋಪು, ನಡುನಡುವೆ ಚಹಾದ ಅಂಗಡಿ. ಸಾಮಾನು ಹೇರಿಕೊಂಡ ಪ್ರವಾಸಿಗೆ ಇದೇ ಮೇಲು. ಹೆಸರು ಮಾಡಬೇಕೆಂಬ ಹಟವಿದ್ದವರು ಮಾತ್ರ ಕಲ್ಲಟ್ಟಿಗೆ ಹೋಗಲಿ.

ಯಾವ ದಾರಿಯಾದರೂ ಒಂದೇ ದಿನದಲ್ಲಿ ಊಟಿ ಸೇರುವ ಯೋಚನೆಯನ್ನು ಬಿಡುವುದು ಲೇಸು. ಬೆಳಗ್ಗೆ ಐದಕ್ಕೆ ಮೈಸೂರು ಬಿಟ್ಟವರು ತಿಂಡಿ, ವಿಶ್ರಾಂತಿ ಸೇರಿ ಹತ್ತೂವರೆಗೆ ಬಂಡೀಪುರ ಮುಟ್ಟಿಯಾರು. ಮಧ್ಯಾಹ್ನದೊಳಗೆ ಕಾಡು ದಾಟಿ ಮಸಿನಗುಡಿ ಅಥವಾ ಗೂಡಲೂರಿನಲ್ಲಿ ತಂಗಿ, ಮಾರನೆಯ ದಿನ ತಂಪು ಹೊತ್ತಿನಲ್ಲಿ ಏರುವುದು ಕ್ರಮ. ಮಸಿನಗುಡಿಯ ಸುತ್ತಲಿನ ಸೀಗೂರು ಪ್ರಸ್ಥಭೂಮಿ ಆನೆಗಳ ಹಾದಿ. ಅಲ್ಲಿನ ಆನೆ ಕಾರಿಡಾರನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಎತ್ತಿಹಿಡಿದ ಮೇಲೆ ವಸತಿಗೃಹಗಳ ವಿಷಯದಲ್ಲಿ ಬಿಗಿ ಹೆಚ್ಚಿದೆ. ತಂಗುದಾಣವನ್ನು ಮೊದಲೇ ಖಚಿತಪಡಿಸಿಕೊಂಡು ಹೊರಡಬೇಕು.

2008ರಲ್ಲಿ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ಡಿಸೆಂಬರ್ ತಿಂಗಳ ಸೈಕಲ್ ಯಾತ್ರೆಯು ಈ ದಾರಿಗಳನ್ನು ದೇಶಕ್ಕೆ ಪರಿಚಯಿಸಿತು. ಕರ್ನಾಟಕ, ಕೇರಳ, ತಮಿಳುನಾಡುಗಳ ಬೆಟ್ಟಗಳನ್ನು ಸುತ್ತುವ ಆ ಯಾತ್ರೆಗೆ ಮೈಸೂರು ಹಲವು ಬಾರಿ ನೆಲೆಯಾಗಿದೆ. ಹಿಂದೆ ಆಂಬುಲೆನ್ಸು, ಮುಂದೆ ಜೀಪು ಇಟ್ಟುಕೊಂಡು ಹೋಗುವ ಅಂಥ ಯಾತ್ರೆಯ ಚಿತ್ರಗಳನ್ನು ನೋಡಿ, ಏನೂ ಇಲ್ಲದೆ ಹೊರಡುವವರು ಆ ವ್ಯತ್ಯಾಸವನ್ನು ಅರಿತಿರಬೇಕು. ಪ್ಯಾರಿಸ್ಸಿನ ಆಡಾಕ್ಸ್ ಸಂಸ್ಥೆಯ ನಿಯಮದಂತೆ ನಡೆಯುವ ‘ಬ್ರೆವೆ’ ಪಯಣಗಳಿಗೂ ಇದೇ ಮಾತು ಅನ್ವಯ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ ಅಲ್ಲಿನ ಕಾಲಮಿತಿ. ಮುನ್ನೂರರ ಪಯಣದಲ್ಲಿ ಹೆಚ್ಚಿನವರಿಗೆ ರಾತ್ರಿ ತುಳಿಯುವುದು ತಪ್ಪದು. ರಾತ್ರಿ ತುಳಿಯಬೇಕಾದ ಪಯಣವನ್ನು ಬಂಡೀಪುರದ ಮೂಲಕ ಒಯ್ಯಲಾಗದು.

ಕೊಡಗಿನ ಸುತ್ತು

ಮಡಿಕೇರಿಯ ದಾರಿ ಎಲ್ಲರಿಗೂ ತಿಳಿದದ್ದೇ. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆಯ ಟಿಬೆಟನ್ ನೆಲೆ, ಕುಶಾಲನಗರ; ಒಟ್ಟು 120 ಕಿಲೋಮೀಟರ್. ಕುಶಾಲನಗರದವರೆಗೆ ತಂಬಾಕು, ಜೋಳದ ಹೊಲಗಳ ಬಯಲು. ಅಲ್ಲಿಂದ ಸುಂಟಿಕೊಪ್ಪದ ಮೇಲೆ ಹಾಯ್ದು ಮಡಿಕೇರಿಗೆ ಮುನ್ನೂರು ಮೀಟರಿಗೂ ಮಿಕ್ಕಿದ ಏರು, ಆದರೆ ಮೂವತ್ತು ಕಿಲೋಮೀಟರಿನಲ್ಲಿ ಹಂಚಿಹೋದದ್ದು. ರಾಷ್ಟ್ರೀಯ ಹೆದ್ದಾರಿ 275ರ ಈ ಭಾಗದಲ್ಲಿ ಬಸ್ಸುಗಳ ಭರಾಟೆ ಜೋರು, ರಸ್ತೆಯಂಚು ಕಿರಿದು. ದಸರೆಯ ರಜೆಯಲ್ಲಂತೂ ಈ ಕಡೆಗೆ ಹೋಗದಿರುವುದೇ ಜಾಣತನ.

ಮಡಿಕೇರಿಯಿಂದ ಮೂರ್ನಾಡು, ವಿರಾಜಪೇಟೆ, ಗೋಣಿಕೊಪ್ಪ, ಹುಣಸೂರು ಮಾರ್ಗವಾಗಿ ಮರಳಿದರೆ 260 ಕಿಲೋಮೀಟರಿನ ಸುತ್ತು ಪೂರ್ಣವಾಗುತ್ತದೆ. ಮೂರು ದಿನಕ್ಕೆ ಹೇಳಿಮಾಡಿಸಿದಂತಿದೆ. ಕಾಫಿ ತೋಟಗಳ ನೆರಳು, ಉರುಳುತ್ತ ಸಾಗುವ ಏರಿಳಿತ, ಪ್ರತಿ ಹತ್ತು ಹನ್ನೆರಡು ಕಿಲೋಮೀಟರಿಗೊಂದು ಊರು. ಹುಲಿ ಕಾಡಿನ ತಾಪತ್ರಯ ಇಲ್ಲಿಲ್ಲ ಎಂದುಕೊಳ್ಳುವಷ್ಟರಲ್ಲಿ ತಿತಿಮತಿ ದಾಟಿ ಆನೆಚೌಕೂರಿನ ಕಾಡು ಬರುತ್ತದೆ. ಹೆಸರಿನಲ್ಲೇ ಎಚ್ಚರಿಕೆ ಇರುವ ಊರದು. ತೋಟಗಳೊಳಗೂ ಆನೆಗಳ ಓಡಾಟವಿರುವುದರಿಂದ ಕೊಡಗಿನ ಒಳರಸ್ತೆಗಳಲ್ಲಿ ಬೆಳಕು ಹರಿಯುವ ಮುನ್ನ ಹೊರಡಬಾರದು.

ನಕ್ಷೆಯಲ್ಲಿ ಹುಣಸೂರಿನಿಂದ ನಾಗರಹೊಳೆಯ ಮೂಲಕ ಕುಟ್ಟಕ್ಕೆ ನೇರ ದಾರಿ ಕಾಣುತ್ತದೆ. ಅದು ದ್ವಿಚಕ್ರಿಗಳಿಗೆ ತೆರೆದ ದಾರಿಯಲ್ಲ. ಕುಟ್ಟಕ್ಕೆ ಗೋಣಿಕೊಪ್ಪದ ಮೇಲೇ ಹೋಗಬೇಕು. ಎಚ್.ಡಿ. ಕೋಟೆ, ಅಂತರಸಂತೆ, ಬಾವಲಿ ಮಾರ್ಗವಾಗಿ ಮಾನಂದವಾಡಿಗೆ ಹೋಗುವ ರಸ್ತೆಯನ್ನೂ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ಮುಚ್ಚುತ್ತಾರೆ.

ಕರಾವಳಿಗೆ ಇಳಿಯುವವರಿಗೆ ಎರಡು ಘಾಟಿಗಳು. ಮಡಿಕೇರಿಯಿಂದ ಸಂಪಾಜೆಗೆ ಮೂವತ್ತು ಕಿಲೋಮೀಟರಿಗೆ ತುಸು ಕಡಿಮೆ ದೂರದಲ್ಲಿ ಸುಮಾರು ಸಾವಿರ ಮೀಟರ್ ಇಳಿಕೆ. ಮುಂದೆ ಸುಳ್ಯ, ಪುತ್ತೂರು. ವಿರಾಜಪೇಟೆಯಿಂದ ಪೆರುಂಬಾಡಿ, ಮಾಕುಟ್ಟ ಮೂಲಕ ಇರಿಟ್ಟಿಗೆ ಇಳಿಯುವ ಇನ್ನೊಂದು ದಾರಿ ದಟ್ಟ ಮಳೆಕಾಡಿನದು, ವಾಹನ ಕಡಿಮೆ, ಚೆಲುವು ಹೆಚ್ಚು. ಆದರೆ 2018ರ ಆಗಸ್ಟ್‌ನ ಮಹಾಮಳೆಯಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡಗಳೇ ರಸ್ತೆಗೆ ಬಂದು ಸಂಪಾಜೆ ಘಾಟಿ ವಾರಗಟ್ಟಲೆ ಮುಚ್ಚಿತ್ತು. ಮಾಕುಟ್ಟ ರಸ್ತೆಯೂ ಕೊಚ್ಚಿಹೋಗಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಎರಡೂ ಘಾಟಿಗಳನ್ನು ಪ್ರವಾಸದ ಪಟ್ಟಿಯಿಂದ ಕೈಬಿಡುವುದು ಒಳಿತು.

ಮೂಡಣ ಬೆಟ್ಟಗಳು

ಪೂರ್ವಘಟ್ಟ, ಪಶ್ಚಿಮಘಟ್ಟಗಳನ್ನು ಬೆಸೆಯುವ ಬಿಳಿಗಿರಿರಂಗನ ಬೆಟ್ಟಕ್ಕೆ ತಿರುಮಕೂಡಲು ನರಸೀಪುರ, ಯಳಂದೂರು ಮಾರ್ಗವಾಗಿ ತೊಂಬತ್ತು ಕಿಲೋಮೀಟರಿನೊಳಗೇ ದೂರ. ಯಳಂದೂರು ದಾಟಿದ ಮೇಲಿನ ಏರು ಕಠಿಣವಾದದ್ದು. ಸೋಲಿಗರ ಪೋಡುಗಳಿರುವ ಈ ಕಾಡು 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಗೇಟಿನಲ್ಲಿ ದ್ವಿಚಕ್ರಿಗಳನ್ನು ತಡೆಯುವುದುಂಟಾದ್ದರಿಂದ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸದೆ ಹೊರಡಬಾರದು.

ಮಲೆ ಮಹದೇಶ್ವರ ಬೆಟ್ಟಕ್ಕೆ ಕೊಳ್ಳೇಗಾಲ, ಹನೂರು ಮೂಲಕ 140 ಕಿಲೋಮೀಟರ್. ತಾಳಬೆಟ್ಟದಿಂದ ಮೇಲಕ್ಕೆ ತಿರುವಿನ ಮೇಲೆ ತಿರುವು. ಶಿವರಾತ್ರಿ, ದೀಪಾವಳಿಗಳ ಹೊತ್ತಿಗೆ ಇದೇ ದಾರಿಯಲ್ಲಿ ಮಾದಪ್ಪನ ಭಕ್ತರು ಸಾಲುಗಟ್ಟಿ ನಡೆದು ಹೋಗುತ್ತಾರೆ. ದಾರಿಯುದ್ದಕ್ಕೂ ನೀರು, ಮಜ್ಜಿಗೆ ಕೊಡುವ ಅರವಟ್ಟಿಗೆಗಳು ಆಗ ಇರುತ್ತವೆ. ಸೈಕಲ್ಲಿನವರನ್ನೂ ಕರೆದು ಕುಡಿಸುವ ಜನ ಅವರು. ಉಳಿದ ದಿನಗಳಲ್ಲಿ ಹನೂರು ಬಿಟ್ಟ ಮೇಲೆ ನೀರು ದುರ್ಲಭ, ಬಿಸಿಲು ನಿರ್ದಯಿ. ಕನಿಷ್ಠ ಮೂರು ಲೀಟರ್ ನೀರು ಜೊತೆಗಿರಲಿ.

ಕಾಲ, ಗಾಡಿ, ಇಳಿಜಾರು

ಡಿಸೆಂಬರ್‌ನಿಂದ ಫೆಬ್ರವರಿ ಮಧ್ಯದವರೆಗಿನ ಕಾಲ ಎಲ್ಲ ದಾರಿಗಳಿಗೂ ಒಳ್ಳೆಯದು. ಅಕ್ಟೋಬರ್, ನವೆಂಬರ್‌ಗಳಲ್ಲಿ ಹಿಂಗಾರು ನೀಲಗಿರಿಯನ್ನು ತೋಯಿಸುತ್ತದೆ. ಫೆಬ್ರವರಿ ಕಳೆದರೆ ಬಂಡೀಪುರ ಒಣಗಿ, ನೀರು ಹುಡುಕುವ ಪ್ರಾಣಿಗಳ ಓಡಾಟ ಹೆಚ್ಚುತ್ತದೆ, ಕಾಡ್ಗಿಚ್ಚಿನ ಭಯವೂ ಸೇರುತ್ತದೆ. 2019ರ ಫೆಬ್ರವರಿಯ ಬೆಂಕಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟದ್ದು ನೆನಪಿರಬಹುದು.

ದುಬಾರಿ ಸೈಕಲ್ಲೇ ಆಗಬೇಕೆಂದಿಲ್ಲ. ಸಣ್ಣ ಗೇರು ಇರಬೇಕು: ಹಿಂಚಕ್ರದ ದೊಡ್ಡ ಹಲ್ಲುಗಾಲಿಗೆ 32 ಅಥವಾ 34 ಹಲ್ಲುಗಳಿದ್ದರೆ ಸಾಮಾನಿನೊಡನೆ ಕಲ್ಲಟ್ಟಿಯ ಹೊರತು ಉಳಿದೆಲ್ಲವನ್ನೂ ಕುಳಿತೇ ಹತ್ತಬಹುದು. ಗುಂಡ್ಲುಪೇಟೆ ಬಿಟ್ಟರೆ ಗೇರಿನ ಸೈಕಲ್ ರಿಪೇರಿ ಬಲ್ಲವರು ಸಿಗುವುದು ಕಷ್ಟ. ಎರಡು ಟ್ಯೂಬು, ಪಂಚರ್ ಸಾಮಾನು, ಪಂಪು, ಚೈನು ಜೋಡಿಸುವ ಉಪಕರಣ ಕೈಯಲ್ಲಿರಬೇಕು.

ಬೆಟ್ಟದಲ್ಲಿ ಜನ ಹೆದರುವುದು ಏರಿಗೆ, ಬೀಳುವುದು ಇಳಿಜಾರಿನಲ್ಲಿ. ಬ್ರೇಕನ್ನು ಉದ್ದಕ್ಕೂ ಹಿಡಿದೇ ಇಳಿದರೆ ಚಕ್ರದ ಅಂಚು ಕಾದು ಟ್ಯೂಬು ಸಿಡಿಯಬಹುದು, ಡಿಸ್ಕ್ ಬ್ರೇಕಾದರೆ ಹಿಡಿತ ಸಡಿಲಬಹುದು. ಎರಡೂ ಬ್ರೇಕುಗಳನ್ನು ಬಿಟ್ಟು ಬಿಟ್ಟು ಒತ್ತುತ್ತ, ತಿರುವಿಗೆ ಮುನ್ನವೇ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕು ಹಿಡಿಯದೆ ಸಾಗಬೇಕು. ಕಲ್ಲಟ್ಟಿಯನ್ನು ಇಳಿಯಲೇಬಾರದು. ಅಪಘಾತಗಳಿಂದ ಬೇಸತ್ತು ಆ ದಿಕ್ಕಿನಲ್ಲಿ ಹೊರಗಿನ ವಾಹನಗಳನ್ನು ನಿರ್ಬಂಧಿಸಲಾಗಿದೆ. ಮರಳುವಾಗ ಗೂಡಲೂರಿನ ದಾರಿಯೇ ಗತಿ.

ಬೆಂಗಳೂರಿನಿಂದ ಸೈಕಲ್ ತುಳಿದೇ ಮೈಸೂರಿಗೆ ಬರುವವರಿಗೆ ಒಂದು ಮಾತು. 2023ರಲ್ಲಿ ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳೊಡನೆ ಸೈಕಲ್ಲಿಗೂ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಬರಬೇಕು. ಅದರ ಗದ್ದಲ ಬೇಡವಾದರೆ ಕನಕಪುರ, ಮಳವಳ್ಳಿ, ಬನ್ನೂರು ಮಾರ್ಗ ತುಸು ಸುತ್ತಾದರೂ ನೆಮ್ಮದಿಯದು. ಆ ಹೊತ್ತನ್ನು ಉಳಿಸಿ ಘಾಟಿಗೆ ಮೀಸಲಿಡುವ ಮನಸ್ಸಿದ್ದರೆ ರೈಲಿನ ಪಾರ್ಸೆಲ್ ಕಚೇರಿಯಲ್ಲಿ ಸೈಕಲ್ಲನ್ನು ಲಗೇಜಾಗಿ ನೋಂದಾಯಿಸಿ ತರಬಹುದು. ಅದಕ್ಕಾಗಿ ರೈಲು ಹೊರಡುವ ಹೊತ್ತಿಗೆ ಸಾಕಷ್ಟು ಮುಂಚೆ ನಿಲ್ದಾಣದಲ್ಲಿರಬೇಕು.